ಯಜಮಾನರ ಹೆಸರನ್ನು ವೆನಿಸ್ಸಿನಲ್ಲಿ ಕೂಗಿದ್ದು

ಮದುವೆಯಾದ ದಿನದಿಂದ ನಮ್ಮ ಯಜಮಾನರು ಹತ್ತು ಹೆಜ್ಜೆ ಮುಂದೆ, ನಾನು ಹಿಂದೆ. ಅವರ ಬೆನ್ನು ನನಗೆ ಗೊತ್ತಿರುವಷ್ಟು ಮುಖ ಗೊತ್ತಿಲ್ಲ. ಇಲ್ಲಿ ವಿಲಾಯತಿಯ ಕಿಂಗ್ಸ್‌ಬರಿಯಲ್ಲಿ ಅದರಿಂದ ತೊಂದರೆಯೇನಿಲ್ಲ. ರಸ್ತೆ ನೆಟ್ಟಗಿದೆ, ತರಕಾರಿ ಅಂಗಡಿಯ ಮುಂದೆ ಹೇಗೂ ಸಿಗುತ್ತಾರೆ. ವೆನಿಸ್ಸಿನಲ್ಲಿ ಮಾತ್ರ ಈ ಏರ್ಪಾಡು ಕೆಟ್ಟಿತು.

ನಮ್ಮನ್ನು ಅಲ್ಲಿಗೆ ಕಳಿಸಿದವಳು ಮಗಳು ಸುಧಾ. ಆಸ್ಪತ್ರೆಯಲ್ಲಿ ಡಾಕ್ಟರು, ಅವಳಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಬೆಳಗ್ಗೆ ವಿಮಾನದಲ್ಲಿ ಹೋಗಿ ರಾತ್ರಿಗೆ ವಾಪಸ್ಸು ಮನೆ. "ಅಮ್ಮಾ, ಪಾಸ್‌ಪೋರ್ಟು ಫೋನು ಎರಡೂ ಅಪ್ಪನ ಹತ್ರ ಇವೆ. ಅವ್ರನ್ನ ಬಿಡ್ಬೇಡ. ಐದು ಗಂಟೆ ಬೋಟ್ ತಪ್ಪಿದ್ರೆ ಫ್ಲೈಟೂ ತಪ್ಪತ್ತೆ" ಎಂದು ಮೂರು ಸಲ ಹೇಳಿದಳು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಿಜ, ಕಿವುಡಿಯಲ್ಲ.

ಆ ಊರಲ್ಲಿ ಬೀದಿ ಇರಬೇಕಾದ ಕಡೆ ನೀರು. ಬಾಗಿಲು ತೆಗೆದರೆ ಮೆಟ್ಟಿಲು, ಮೆಟ್ಟಿಲಿಳಿದರೆ ನೀರು. ಇವರು ರಂಗೋಲಿ ಎಲ್ಲಿ ಹಾಕುತ್ತಾರೋ! ಪಾಚಿಯ ವಾಸನೆ ಬೇರೆ. ಆದರೂ ಸುಳ್ಳು ಹೇಳಬಾರದು, ಮಧ್ಯಾಹ್ನ ಕಳೆದ ಮೇಲೆ ಏನೋ ಆಯಿತು. ನೀರಿನ ಬೆಳಕು ಗೋಡೆಗಳ ಮೇಲೆ ಹರಿದಾಡಿ, ಗೋಡೆಗಳೇ ಮೆಲ್ಲಗೆ ಉಸಿರಾಡುತ್ತಿವೆ ಅನ್ನಿಸಿತು. ಎರಡು ಮನೆಗಳ ನಡುವೆ ಹಗ್ಗ ಕಟ್ಟಿ ಯಾರೋ ಬಿಳಿ ದುಪ್ಪಟಿ ಒಣಹಾಕಿದ್ದರು. ಅದರ ನೆರಳು ನೀರಿನಲ್ಲಿ ಮಡಚಿಕೊಳ್ಳುತ್ತಿತ್ತು, ಬಿಚ್ಚಿಕೊಳ್ಳುತ್ತಿತ್ತು. ಜೋಂಪು ಹತ್ತಿದವಳ ಹಾಗೆ ನೋಡುತ್ತ ನಿಂತೆ. ತಿರುಗಿದರೆ ಆ ಬೆನ್ನು ಇಲ್ಲ.

ಮುಂದೆ ಮೂರು ಓಣಿ. ಒಂದರಲ್ಲಿ ಹೋದೆ, ನೀರಿನಲ್ಲಿ ಮುಗಿಯಿತು. ವಾಪಸ್ಸು ಬಂದು ಇನ್ನೊಂದನ್ನು ಹೊಕ್ಕೆ, ಅದೂ ನೀರು. ಮತ್ತೆ ಆ ದುಪ್ಪಟಿಯ ಕೆಳಗೇ ಬಂದು ನಿಂತೆ. ಕನಸಿನಲ್ಲಿ ನಡೆದಷ್ಟೂ ನಡೆದಲ್ಲೇ ಇರುತ್ತೇವಲ್ಲ, ಹಾಗೆ. ಎಲ್ಲೋ ಗಂಟೆ ನಾಲ್ಕು ಹೊಡೆಯಿತು. "ರೀ!" ಎಂದು ಕೂಗಿದೆ. ಕೂಗು ನೀರಿನ ಮೇಲೆ ಅಷ್ಟು ದೂರ ಹೋಗಿ ನನ್ನ ಹತ್ತಿರವೇ ಬಂತು.

ದುಪ್ಪಟಿಯ ಹಗ್ಗ ಕಟ್ಟಿದ್ದ ಕಿಟಕಿಯಿಂದ ನನ್ನದೇ ವಯಸ್ಸಿನ ಹೆಂಗಸೊಬ್ಬಳು ಬಗ್ಗಿ ನೋಡಿದಳು. ಬೋಳು ತಲೆ, ಕನ್ನಡಕ, ಮುಂದೆ ಮುಂದೆ ಓಡುವ ನಡಿಗೆ, ಎಲ್ಲ ಕೈಯಲ್ಲೇ ತೋರಿಸಿದೆ. ಥಟ್ಟನೆ ಅರ್ಥವಾಯಿತು ಅವಳಿಗೆ. ಈ ಕಷ್ಟ ಎಲ್ಲ ದೇಶದಲ್ಲೂ ಇರಬೇಕು. ಎದೆ ಮುಟ್ಟಿಕೊಂಡು "ಮರಿಯಾ" ಎಂದಳು. ಆಮೇಲೆ ಓಣಿಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಳು. ಅವನ ಹೆಸರೇನು, ಕೂಗು ಅಂತ!

ಅಲ್ಲೇ ಇದ್ದದ್ದು ಪೇಚು. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ನಮ್ಮವರದು ದೇವರ ಹೆಸರು. ದೇವರ ಸಾವಿರ ನಾಮ ಹೇಳುವಾಗ ಅದು ಬಂದ ಕಡೆ ಕೆಮ್ಮುತ್ತೇನೆ. ನನ್ನ ದೇವರಿಗೆ ಒಂಬೈನೂರ ತೊಂಬತ್ತೊಂಬತ್ತೇ. ಕಿಂಗ್ಸ್‌ಬರಿಯಲ್ಲಿ ಜಿಪಿ ಡಾಕ್ಟರ ಹತ್ತಿರ ಹೋದಾಗ ಗಂಡನ ಹೆಸರು ಕೇಳಿದರೆ ಅವರ ಕಡೆ ಕೈ ತೋರಿಸುತ್ತೇನೆ. ಈಗ ಹೇಳಿದರೆ ಆಯಸ್ಸು ಕಡಿಮೆ, ಹೇಳದಿದ್ದರೆ ಫ್ಲೈಟ್ ಇಲ್ಲ.

ಕಣ್ಣು ಮುಚ್ಚಿಕೊಂಡು ಕೂಗಿಬಿಟ್ಟೆ. ಪೂರ್ತಿ ಹೆಸರು. ಮೇಲಿಂದ ಮರಿಯಾ ಅದನ್ನೇ ಹಿಡಿದು, ಅರ್ಧ ಮುರಿದು, ನನಗಿಂತ ಜೋರಾಗಿ ಕೂಗಿದಳು. ಎಷ್ಟು ಸಲವೋ. ಕೊನೆಗೆ ಆಚೆಯ ಸೇತುವೆಯ ಮೇಲೆ ಬೋಳು ತಲೆ ಕಾಣಿಸಿತು. ಮುಖ ಕೆಂಪಗಾಗಿತ್ತು.

"ಏನೇ ಇವ್ಳೇ, ಊರಿಗೆಲ್ಲ ಕೇಳೋ ಹಾಗೆ!"

"ನೀವು ನಿಂತ್ಕೊಂಡಿದ್ರೆ ನಾನ್ಯಾಕೆ ಅರಚ್ತಿದ್ದೆ?"

"ನೀರಿಗೇನಾದ್ರೂ ಬಿದ್ಯೋ ಅಂತ ಸೇತುವೆ ಸೇತುವೆ ಬಗ್ಗಿ ನೋಡ್ದೆ ಕಣೆ" ಎಂದರು. ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು. ಚಳಿ ಅಂದರು. ಅಂಥ ಚಳಿಯೇನೂ ಇರಲಿಲ್ಲ.

ಬೋಟು ಸಿಕ್ಕಿತು. ಊರು ಮಂಜಿನೊಳಗೆ ಕರಗುತ್ತ ಹಿಂದೆ ಸರಿಯಿತು, ಇತ್ತೋ ಇಲ್ಲವೋ ಎಂಬಂತೆ. ಅವರು ಜೇಬಿನಲ್ಲಿ ಪಾಸ್‌ಪೋರ್ಟು ಇದೆಯೇ ಎಂದು ತಡವಿ ನೋಡಿಕೊಂಡರು. ಆಮೇಲೆ, "ಅಮ್ಮ ಹೋದ್ಮೇಲೆ ನನ್ನನ್ನ ಹೆಸರು ಹಿಡಿದು ಯಾರೂ ಕೂಗಿರ್ಲಿಲ್ಲ" ಎಂದರು.

ಲೆಕ್ಕ ಹಾಕಿದರೆ ನಿಜ. ಮಗಳಿಗೆ ಅಪ್ಪ, ಮೊಮ್ಮಕ್ಕಳಿಗೆ ತಾತ, ಪಕ್ಕದ ಫ್ಲಾಟಿನವರಿಗೆ ಅಂಕಲ್. ಆಯಸ್ಸು ಕಾಯುತ್ತೇನೆಂದು ನಾನು ಹೆಸರಿಗೆ ಬೀಗ ಹಾಕಿ ಕೂತಿದ್ದೆ. ಇಷ್ಟು ವರ್ಷ ಆ ಮನುಷ್ಯನನ್ನು ಒಳಗಿಂದ ಹೊರಕ್ಕೆ ಕರೆದವರೇ ಇಲ್ಲ.

"ಇನ್ನೊಂದ್ಸಲ ಕೂಗೇ" ಎಂದರು, ನೀರಿನ ಕಡೆ ನೋಡುತ್ತ.

"ನೀವು ಮತ್ತೆ ಕಳೆದುಹೋಗಿ, ಆಗ ಕೂಗ್ತೀನಿ" ಎಂದೆ.

ಅವರು ಎದ್ದು, ಕನ್ನಡಕ ಸರಿಮಾಡಿಕೊಂಡು, ಬೋಟಿನ ಆ ತುದಿಗೆ ಹೋಗಿ ಕಂಬದ ಹಿಂದೆ ನಿಂತುಕೊಂಡರು.