ಮೂರನೆಯ ಕಲ್ಲು

ಬಸ್ಸು ಹತ್ತಿದಾಗಿನಿಂದ ಮುದುಕ ಕಲ್ಲುಕುಟಿಗನ ಬಾಯಿಗೆ ಬಿಡುವೇ ಇರಲಿಲ್ಲ.

"ಮೂರನೇ ಕಲ್ಲು ನಂದು ಕಣಮ್ಮ. ಕಣ್ಣಾರೆ ನೋಡಿದ್ಮೇಲಾದ್ರೂ ನಂಬ್ತೀಯಲ್ಲ?"

"ಆಯ್ತಪ್ಪಾ, ನಿಂದೇ. ಉಳಿದ ಹನ್ನೊಂದು ನಿನ್ನ ತಾತಂದು," ಎಂದಳು ಮಗಳು. ಅಳಿಯ ಕಿಟಕಿಯ ಕಡೆ ತಿರುಗಿ ನಕ್ಕ.

ಮುದುಕನ ಮಾತು ಸುಳ್ಳಲ್ಲ. ಬಯಲಿನಲ್ಲಿ ದುಂಡಗೆ ನಿಂತಿದ್ದ ಆದಿಕಾಲದ ಹನ್ನೆರಡು ಕಲ್ಲುಗಳಲ್ಲಿ ಒಂದು, ಮೂವತ್ತು ವರ್ಷದ ಹಿಂದೆ ಸಿಡಿಲು ಬಡಿದು ಚೂರಾಗಿತ್ತು. ಅದರ ಜಾಗಕ್ಕೆ ಹೊಸದನ್ನು ಕಡೆದವನು ಇವನೇ. ಹದಿನೇಳು ದಿನ ಕೂತು ಕನ್ನಡಿಯ ಹಾಗೆ ನಯ ಮಾಡಿದ್ದ. ಕೆಲಸ ಕೊಟ್ಟ ಸಾಹೇಬರು ಬಂದವರೇ ಹಣೆ ಚಚ್ಚಿಕೊಂಡರು. "ಅಯ್ಯೋ, ಇದು ಹಳೇದರ ಥರ ಕಾಣ್ಬೇಕಯ್ಯಾ! ಜಜ್ಜಿ ಹಾಳು ಮಾಡು." ಜಜ್ಜಿದ. ಅದೇ ಸಿಟ್ಟಿಗೆ, ಮಣ್ಣಲ್ಲಿ ಹೂತುಹೋಗುವ ಬುಡದಲ್ಲಿ ತನ್ನ ಗುರುತು ಕೊರೆದ: ಬಾಗಿದ ಗೆರೆ, ಕೆಳಗೆ ಮೂರು ಚುಕ್ಕೆ. ಅವನ ಕೈ ದಾಟಿದ ಕಲ್ಲಿಗೆಲ್ಲ ಅದೇ ಗುರುತು. ಮನೆಯ ಬಾಗಿಲ ಮೆಟ್ಟಿಲಿನ ಮೂಲೆಯಲ್ಲೂ ಇತ್ತು. ಆಮೇಲೆ ಸಾಹೇಬರೂ ಹೋದರು, ಕಾಗದಪತ್ರವೂ ಹೋಯಿತು.

ಬಯಲಿಗೆ ಬಂದು ನೋಡಿದರೆ, ಬುಡದ ಮಣ್ಣು ಮಳೆಗೆ ಕೊಚ್ಚಿಹೋಗಿ ಗುರುತು ಎದ್ದು ಕಾಣುತ್ತಿದೆ! ಮುದುಕ ಮುಂದೆ ನುಗ್ಗಿದ. ಬಾಯಿ ತೆರೆಯುವಷ್ಟರಲ್ಲಿ ಗೈಡ್ ಹುಡುಗಿ ಕೋಲು ಚಾಚಿದಳು.

"ಇದು ನೋಡಿ, ಇಲ್ಲಿನ ವಿಶೇಷ. ಚಂದ್ರ, ಮೂರು ನಕ್ಷತ್ರ. ನಾಲ್ಕು ಸಾವಿರ ವರ್ಷದ ಹಿಂದೆ ಕೆತ್ತಿದ್ದು."

"ಅದು ನಂದಮ್ಮ," ಎಂದ ಮುದುಕ.

"ನಿಮ್ದೂ ಹೌದು ಅಜ್ಜ, ನಮ್ದೂ ಹೌದು. ನಮ್ಮೆಲ್ಲರ ಆಸ್ತಿ!"

ಸುತ್ತಲಿನವರು ನಕ್ಕರು. ಅವನು ಮಗಳ ಕೈ ಹಿಡಿದುಕೊಂಡ. "ಸರಿಯಾಗಿ ನೋಡೇ. ನಮ್ಮ ಮೆಟ್ಟಿಲಲ್ಲಿ ಇದನ್ನ ನೋಡಿಲ್ವಾ?"

"ನಮ್ಮ ಮೆಟ್ಟಿಲಲ್ಲಿ ಚಪ್ಪಲಿ ಬಿಟ್ರೆ ಇನ್ನೇನಿದೆಯಪ್ಪಾ?" ಅವಳು ಬಗ್ಗಿ ಚುಕ್ಕೆಗಳ ಮೇಲೆ ಬೆರಳಾಡಿಸಿದಳು. "ಅಬ್ಬಾ, ಆ ಕಾಲದವರ ಕೈಯಲ್ಲಿ ಎಂಥ ಕಸುಬಿತ್ತು!"

ಗಂಡನಿಗೆ ಫೋನು ಕೊಟ್ಟು, ಕಲ್ಲಿನ ಪಕ್ಕ ನಿಂತಳು. "ಅಪ್ಪಾ, ಸ್ವಲ್ಪ ಆಚೆ ಹೋಗು. ಅಡ್ಡ ಬರ್ತಿದ್ದೀಯ."

ಮುದುಕ ಸರಿದು ನಿಂತ.

ಸಂಜೆ ಮನೆಗೆ ಬಂದು, ಮಗಳು ಎಂದಿನಂತೆ ಮೆಟ್ಟಿಲಿನ ಮೂಲೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಅವಳನ್ನು ಕರೆದು, ಆ ಚಪ್ಪಲಿ ಎತ್ತಿ ಪಕ್ಕಕ್ಕಿಟ್ಟಿದ್ದರೆ ಸಾಕಿತ್ತು. ಮುದುಕ ತನ್ನ ಜೋಡನ್ನೂ ಅದರ ಮೇಲೆಯೇ ಬಿಟ್ಟ.