ಮಂದ ಆಯಿಲ್

ತಳೇಗಾಂವದ ಕಾರ್ಖಾನೆಗೆ ನಾನು ಮನೆಯಿದ್ದ ವಾಕಡದಿಂದ ದಿನಾ ಓಡಿಸುತ್ತಿದ್ದದ್ದು ಹಳೆಯ ಕಾರು. ಇಂಜಿನ್ ಗಡಗಡ ಅನ್ನತೊಡಗಿದಾಗ, ಇನ್ನೂ ಮಂದವಾದ ಆಯಿಲ್ ಹಾಕಿದರೆ ಸದ್ದು ನಿಲ್ಲುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಯಾವುದೋ ಅಗ್ಗದ ಡಬ್ಬಿ ತಂದು ಹಾಕಿದೆ. ಸದ್ದು ನಿಂತಿತು. ನಾನೂ ನಿಶ್ಚಿಂತನಾದೆ.

ಚಳಿಗಾಲ ಬಂತು. ಬೆಳಗ್ಗೆ ಚಾಲೂ ಮಾಡಿದೊಡನೆ ಇಂಜಿನ್ನಿನ ಒಳಗೆ ಏನೋ ಟಕಟಕ ಬಡಿಯುತ್ತಿತ್ತು. ಸ್ವಲ್ಪ ಹೊತ್ತು ಬಡಿದು ಸುಮ್ಮನಾಗುತ್ತಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹೆಂಡತಿ ಅದನ್ನು ಗಮನಿಸಿದ್ದಳು.

"ದಿನಾ ಒಂದೀಟು ಹೆಚ್ಚಿಗೆ ಬಡೀಲಿಕ್ಕತ್ತದ. ಯಾರಿಗರೆ ತೋರಸ್ರಿ," ಎಂದಳು.

ಕಾರ್ಖಾನೆಯ ಹತ್ತಿರದ ವಯಸ್ಸಾದ ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಆಯಿಲ್ ಇಳಿಸಿ, ಎರಡು ಬೆರಳ ನಡುವೆ ಉಜ್ಜಿ, ಬಿಸಿಲಿಗೆ ಹಿಡಿದರು. ಬೆರಳು ಮಿನುಗುತ್ತಿತ್ತು. ಅದು ಸವೆದ ಲೋಹದ ಪುಡಿ. ಚಳಿಯಲ್ಲಿ ಇಷ್ಟು ಮಂದ ಆಯಿಲ್ ಮೇಲಕ್ಕೇರಲು ತಡವಾಗುತ್ತದೆ, ಅಲ್ಲಿಯವರೆಗೆ ಲೋಹಕ್ಕೆ ಲೋಹ ಉಜ್ಜುತ್ತದೆ, ಸವೆತ ತಡೆಯಲು ಒಳ್ಳೆಯ ಆಯಿಲ್‌ನಲ್ಲಿ ಬೆರೆಸುವ ದ್ರವ್ಯವೂ ಇದರಲ್ಲಿ ಇದ್ದಂತಿಲ್ಲ ಎಂದು ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಸರಿಯಾದ ಆಯಿಲ್ ತುಂಬಿದರು. ಆದರೆ ಒಳಗಿನ ಬೇರಿಂಗ್ ಆಗಲೇ ಸವೆದು ಹೋಗಿರಬಹುದು, ಇಂಜಿನ್ ಬಿಚ್ಚಿ ನೋಡುವವರೆಗೆ ದೂರ ಹೋಗಬೇಡಿ ಎಂದರು.

ಮನೆಯಲ್ಲಿ ನಾನು ಹೇಳಿದ್ದು ಆಯಿಲ್ ಬದಲಿಸಿದ ಸುದ್ದಿ ಮಾತ್ರ.

ಮುಂದಿನ ಭಾನುವಾರ, ಧಾರವಾಡದಿಂದ ಬಂದಿದ್ದ ಅತ್ತೆಗೆ ಇಲ್ಲಿಂದ ಎರಡು ತಾಸಿನ ದಾರಿಯ ಶಿರೂರಿನಲ್ಲಿದ್ದ ತಮ್ಮ ತಂಗಿಯನ್ನು ನೋಡುವ ಆಸೆಯಾಯಿತು. ಇಲ್ಲ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ಮೂವರೂ ಹೊರಟೆವು. ಅರ್ಧ ದಾರಿ ಕಳೆದ ಮೇಲೆ ಎದುರಿನ ಫಲಕದಲ್ಲಿ ಆಯಿಲ್ ಎಚ್ಚರಿಕೆಯ ಕೆಂಪು ದೀಪ ಒಮ್ಮೆ ಮಿನುಗಿ ಆರಿತು. ಮತ್ತೆ ಮಿನುಗಿತು. ಮುಂದಿನ ಪೆಟ್ರೋಲ್ ಪಂಪಿನವರೆಗೆ ಹೋದರೆ ಸಾಕು ಅಂದುಕೊಂಡೆ. ದೀಪ ಆರದೇ ನಿಂತಿತು. ಕೆಳಗಿನಿಂದ ದಪ್ಪನೆಯ ಬಡಿತ ಶುರುವಾಗಿ, ಒಮ್ಮೆಲೇ ಇಂಜಿನ್ ಜಾಮ್ ಆಯಿತು. ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು. ಹಿಂದಿದ್ದ ಲಾರಿ ಹಾರ್ನ್ ಒತ್ತುತ್ತಲೇ ಬಂದು, ಹಿಂದಿನ ಸೀಟಿನಲ್ಲಿ ಅತ್ತೆ ಕೂತಿದ್ದ ಬದಿಯ ಬಾಗಿಲಿನಿಂದ ಗೇಣಿನಷ್ಟು ಅಂತರದಲ್ಲಿ ದಾಟಿತು. ಹೇಗೋ ಕಾರನ್ನು ರಸ್ತೆಯಂಚಿಗೆ ತಂದೆ.

ಅತ್ತೆ ಇಳಿದು ನನ್ನ ಕೈ ಹಿಡಿದುಕೊಂಡರು. "ನೀವು ಇದ್ರಿ ಅಂತ ಉಳದ್ವಿ," ಎಂದರು.

ನಾನು ಕೈ ಬಿಡಿಸಿಕೊಂಡು ಬಾನೆಟ್ ತೆರೆಯಲು ಹೋದೆ.

ಅವರು ಊರಿಗೆ ಹೋದ ಮೇಲೆ, ಮೆಕ್ಯಾನಿಕ್ ಹೇಳಿದ್ದನ್ನೆಲ್ಲ ಹೆಂಡತಿಗೆ ತಿಳಿಸಿದೆ. ಅವಳು ಪೂರ್ತಿ ಕೇಳಿದಳು.

"ಅವ್ವನ್ನ ಕೂಡಿಸಿಕೊಂಡು ಹೊಂಟಾಗನೂ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು," ಎಂದೆ.

ಅವಳು ಎದ್ದು ಒಳಗೆ ಹೋದಳು. ಆಮೇಲೆ ಬೇರೆ ಕಾರು ಬಂತು. ಅವಳು ಇನ್ನೂ ಬಸ್ಸಿನಲ್ಲೇ ಓಡಾಡುತ್ತಾಳೆ.