ನಾಗೇಶಿ ಕೂಗಿದ ಹೆಸರು

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಮೈಕಿನಲ್ಲಿ ಕೂಗಿಸಿ ನಾನು ಪಟ್ಟದ್ದು ಸಾಕು. ಗೆಳತಿ ಎಂದರೆ ಸಾಕಲ್ಲ, ನನಗೆ ಬೇರೆ ಗೆಳತಿಯರೇನು ಪಾಳಿ ಹಚ್ಚಿ ನಿಂತಿರಲಿಲ್ಲ.

ಅವಳು ತೀರಿಹೋದ ಮೇಲೆ ಕನಸಿನಲ್ಲಿ ಬರತೊಡಗಿದಳು. ಪ್ರತಿ ಸಲವೂ ಅದೇ ಕನಸು. ಇಂಗಳೇಶ್ವರದ ನಮ್ಮ ಹೊಲ, ಮೊಣಕಾಲುದ್ದ ಜೋಳ. ಮುಂಜಾನೆಯೋ ಸಂಜೆಯೋ ಹೇಳಲು ಬಾರದು, ಹಾಲಿಗೆ ನೀರು ಬೆರೆಸಿದಂಥ ಬೆಳಕು. ಇಬ್ಬರೂ ಕುರಪಿ ಹಿಡಿದು ಕಳೆ ತೆಗೆಯುತ್ತಿದ್ದೇವೆ. ಅವಳು ನನಗಿಂತ ನಾಲ್ಕು ಮಾರು ಮುಂದೆ. ಕುಕ್ಕರಗಾಲಿನಲ್ಲಿ ಕೂತು ಸರಿಯುತ್ತ ಸರಿಯುತ್ತ ಹೋಗುತ್ತಾಳೆ. ನಾನು ಎಷ್ಟು ಬೇಗ ಕೈ ಆಡಿಸಿದರೂ ಆ ನಾಲ್ಕು ಮಾರು ಕಡಿಮೆಯಾಗುವುದಿಲ್ಲ. ಹೊಲಕ್ಕೆ ಬದುವೇ ಇಲ್ಲ. ಜೋಳದ ಸಾಲು ಗೊಳಸಂಗಿಯನ್ನು ದಾಟಿ, ನಾನು ಕಾಣದ ಊರುಗಳನ್ನು ದಾಟಿ ಹೋಗುತ್ತಲೇ ಇರುತ್ತದೆ. ನಾನು ಕೂಗುತ್ತೇನೆ. ಅವಳು ತಿರುಗಿ ನೋಡುತ್ತಾಳೆ. ಮುಖ ಅವಳದೇ. ಮೂಗಿನ ಮೇಲೆ ಬೆವರ ಹನಿ, ಗಲ್ಲಕ್ಕೆ ಮಣ್ಣು. ಆದರೆ ಮಾತಿಲ್ಲ. ಬದುಕಿದ್ದಾಗ ನಿದ್ದೆಯಲ್ಲೂ ಬಾಯಿ ಮುಚ್ಚದವಳು ಕನಸಿನಲ್ಲಿ ತುಟಿ ಬಿಗಿಹಿಡಿದು ನನ್ನನ್ನು ನೋಡುತ್ತಾಳೆ, ನೋಡಿ ಮತ್ತೆ ಕಳೆಗೆ ಕೈ ಹಾಕುತ್ತಾಳೆ.

ಎದ್ದಾಗ ನನ್ನ ಕೈ ಚಾಪೆಯ ಕಡ್ಡಿ ಕೀಳುತ್ತಿರುತ್ತಿತ್ತು. ಅರ್ಧ ಚಾಪೆ ಹಾಗೇ ಹಾಳಾಯಿತು.

ಆಗ ನಾನು ಮದುವೆಯಾಗಿ ಝಳಕಿಯಲ್ಲಿದ್ದೆ. ಹೈವೇ ಮೇಲೆ ನಮ್ಮದೊಂದು ಚಹಾದಂಗಡಿ. ಅತ್ತೆ ಒಲೆಯ ಮುಂದೆ, ನಾನು ಕಪ್ಪು-ಬಸಿ ತೊಳೆಯಲು. ಕನಸು ಬಿದ್ದ ದಿನ ಒಂದಾದರೂ ಕಪ್ಪು ಒಡೆಯುತ್ತಿದ್ದೆ. ಅತ್ತೆಗೆ ಅಷ್ಟರಿಂದಲೇ ತಿಳಿಯುತ್ತಿತ್ತು.

"ಇವತ್ತೂ ಬಂದಿದ್ಲೇನ ಆಕಿ?"

"ಹೂನ್ರಿ."

"ಏನಂದ್ಲು?"

"ಏನೂ ಅನ್ನಂಗಿಲ್ರಿ ಅತ್ತಿ. ಸುಮ್ಮ ನೋಡ್ತಾಳ."

"ಸತ್ತವರು ಬಂದು ಸುಮ್ಮ ನೋಡಿದ್ರ ಏನೋ ಬೇಕಾಗೇತಿ ಅಂತ ತಿಳಕೋಬೇಕು. ಕೊಟ್ಟು ಕಳಸು. ಇಲ್ಲಂದ್ರ ನನ್ನ ಅಂಗಡ್ಯಾಗ ಒಂದು ಕಪ್ಪೂ ಉಳಿಯೂದಿಲ್ಲ."

ಅಮಾವಾಸ್ಯೆಗೆ ಶೇಂಗಾ ಹೋಳಿಗೆ ಮಾಡಿ ಅವಳ ಹೆಸರಿನಲ್ಲಿ ಎಡೆ ಇಟ್ಟೆ. ವಾರ ಕಳೆಯುವುದರೊಳಗೆ ಮತ್ತೆ ಬಂದಳು. "ಶೇಂಗಾ ಸೇರಲಿಲ್ಲ ಕಾಣ್ತೈತಿ, ಬ್ಯಾಳಿ ಹೋಳಿಗಿ ಮಾಡು" ಅಂದರು ಅತ್ತೆ. ಮಾಡಿದೆ. ಬೇಳೆ ಹೋಳಿಗೆ ಅತ್ತೆಗೆ ಬಹಳ ಸೇರಿತು. ಹಸಿರು ಬಳೆ ತಂದು ಓಣಿಯ ಮುತ್ತೈದೆಯೊಬ್ಬಳ ಕೈಗೆ ಇಡಿಸಿದೆ. ಅದಕ್ಕೂ ಅವಳು ಜಗ್ಗಲಿಲ್ಲ. ನಾನು ಏನೇನೋ ಕೊಡುತ್ತಾ ನಾಟಕ ಮಾಡುತ್ತಿದ್ದೆ, ಅಷ್ಟೇ. ಅವಳು ನನ್ನನ್ನು ಯಾಕೆ ಹಾಗೆ ನೋಡುತ್ತಾಳೆಂದು ನನಗೆ ಮೊದಲ ದಿನವೇ ಅನುಮಾನವಿತ್ತು. ಅತ್ತೆಗೆ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ.

ಈಗ ಹೇಳುತ್ತೇನೆ. ನಮಗೆ ಹದಿನೇಳೋ ಹದಿನೆಂಟೋ. ತೊಂಬತ್ತರ ದಶಕದ ನಡುವಿನ ಮಾತು. ನಮ್ಮ ಕಡೆಯ ಗೀಗೀ ಪದದಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಿ ಸವಾಲು ಹಾಕುತ್ತಾರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಜವಾಬು ಕೊಡುತ್ತಾರೆ. ನನ್ನ ಗೆಳತಿ ಹುಟ್ಟಾ ನಾಗೇಶಿ. ಪಕ್ಕದ ಹೊಲದಲ್ಲಿ ಯಾರೋ ಗಂಡಸು "ಬೀಜ ಇಲ್ಲದ ಹೊಲ ಏನ ಬೆಳೆದೀತ" ಎಂದು ಎಳೆದರೆ, ಇವಳು ಬಗ್ಗಿದಲ್ಲಿಂದಲೇ "ಹೊಲ ಇಲ್ಲದ ಬೀಜ ಗಡಿಗ್ಯಾಗ ನುಸಿ ತಿಂದೀತ" ಎಂದು ತಿರುಗಿಸಿ ಬಿಡುತ್ತಿದ್ದಳು. ಕಳೆ ತೆಗೆಯುವ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಆ ಗಂಡಸು ಮತ್ತೆ ಸಂಜೆಯವರೆಗೆ ಹಾಡುತ್ತಿರಲಿಲ್ಲ.

"ಒಂದಿನ ಮೈಕಿನ್ಯಾಗ ನನ್ನ ಹೆಸರ ಬರ್ತೈತಿ ನೋಡ್ತಿರು" ಅನ್ನುತ್ತಿದ್ದಳು.

"ರೇಶನ್ ಅಂಗಡ್ಯಾಗ ಬರ್ತೈತಿ ತಗೋ" ಅನ್ನುತ್ತಿದ್ದೆ ನಾನು.

ಒಂದು ಸಲ ನಮ್ಮೂರಿಗೆ ಹಾಡಲು ಬಂದ ನಾಗೇಶಿ ಗಾಯಕಿಯೊಬ್ಬಳು ಇವಳ ಹಾಡು ಕೇಳಿದಳು. ಕೇಳಿ, "ನಮ್ಮ ಮೇಳಕ್ಕ ಬಾರವಾ, ಮೂರು ತಿಂಗಳದಾಗ ತಯಾರ ಮಾಡ್ತೇನಿ" ಅಂದಳು. ಆಕೆಯ ಊರು ಸಿಂದಗಿ ಕಡೆ. ಗೆಳತಿ ಅಂದೇ ತೀರ್ಮಾನ ಮಾಡಿಬಿಟ್ಟಳು. ಮನೆಯಲ್ಲಿ ಕೇಳಿದರೆ ಕಾಲು ಮುರಿಯುತ್ತಾರೆಂದು ಗೊತ್ತು. ನನ್ನೊಬ್ಬಳಿಗೇ ಹೇಳಿದಳು.

"ಸೋಮವಾರ ಮುಂಜಾನಿ ಹೊಂಡ್ತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಆಣಿ ಐತಿ."

ರವಿವಾರ ಸಂಜೆ ಹೆಪ್ಪು ಬೇಡುವ ನೆವದಲ್ಲಿ ಅವರ ಮನೆಗೆ ಹೋಗಿ ಅವಳ ತಾಯಿಯ ಮುಂದೆ ಎಲ್ಲ ಹೇಳಿಬಿಟ್ಟೆ. ಅವಳ ಒಳ್ಳೆಯದಕ್ಕೇ ಹೇಳಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಸುಳ್ಳು. ನನಗೆ ಹೊಟ್ಟೆಕಿಚ್ಚು. ಅವಳು ಹೋಗಿ ಊರೂರು ತಿರುಗಿ ಹಾಡುತ್ತಾಳೆ, ನಾನು ಒಬ್ಬಳೇ ಕುರಪಿ ಹಿಡಿದು ಕೂತಿರಬೇಕಲ್ಲ ಎಂಬ ಉರಿ.

ಅವಳ ತಾಯಿಯನ್ನು ನಾನು ದೊಡ್ಡವ್ವ ಅನ್ನುತ್ತಿದ್ದೆ. ದೊಡ್ಡವ್ವ ನನ್ನ ಹೆಸರು ಹೇಳಲಿಲ್ಲ. ಸೋಮವಾರ ನಸುಕಿನಲ್ಲೇ ಬಾಗಿಲಿಗೆ ಅಡ್ಡ ಕೂತು, "ನೀ ಗಂಟು ಕಟ್ಟಿದ್ದು ನನಗ ಕನಸಿನ್ಯಾಗ ಕಾಣಿಸ್ತು" ಅಂದಳಂತೆ. ಗೆಳತಿ ಅದನ್ನು ನಂಬಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಎರಡು ತಿಂಗಳಲ್ಲಿ ಅವಳನ್ನು ಮುದ್ದೇಬಿಹಾಳದ ಆಚೆ ಒಂದು ಹಳ್ಳಿಗೆ ಕೊಟ್ಟರು. ಮರುವರ್ಷ ನಾನು ಝಳಕಿಗೆ ಬಂದೆ. ಹೋಗಿ ಮಾತಾಡಿಸಬೇಕು, ಈ ಪಂಚಮಿಗೆ, ಮುಂದಿನ ದೀಪಾವಳಿಗೆ ಅಂದುಕೊಳ್ಳುತ್ತಾ ಇದ್ದೆ. ಆಮೇಲೆ ಅವಳಿಗೆ ಕಾಮಾಲೆಯಾಯಿತು. ಸುದ್ದಿ ನನಗೆ ಮುಟ್ಟಿದಾಗ ಅವಳು ಹೋಗಿ ಹತ್ತು ದಿನವಾಗಿತ್ತು. ನಾನು ಬಾಣಂತಿ, ಹೊಸ್ತಿಲು ದಾಟುವ ಹಾಗಿರಲಿಲ್ಲ. ಆಮೇಲೆ ಶುರುವಾಯಿತು ಆ ಜೋಳದ ಹೊಲ. ನಾನು ಹೇಳಿದ್ದು ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೇ ಸತ್ತಳೇ? ಮೂರು ವರ್ಷ ಕನಸಿನಲ್ಲಿ ಅವಳ ಮುಖ ನೋಡಿ ನೋಡಿ ಇದೊಂದನ್ನೇ ಹುಡುಕಿದೆ.

ಆ ಶ್ರಾವಣದಲ್ಲಿ ತವರಿಗೆ ಬಂದಿದ್ದೆ. ಗೊಳಸಂಗಿಯಲ್ಲಿ ಹರದೇಶಿ-ನಾಗೇಶಿ ಹಾಡು ಇಟ್ಟಿದ್ದಾರೆ ಎಂದು ಅತ್ತಿಗೆ ಹೇಳಿದಳು. ರಾತ್ರಿ ಕೂತ ಹಾಡು ಮರುದಿನ ಮಧ್ಯಾಹ್ನದವರೆಗೂ ನಡೆಯುತ್ತದೆ, ಮುಂಜಾನೆ ಹೋದರಾಯಿತು. ಸಿಂದಗಿ ಕಡೆಯ ಮೇಳವಂತೆ ಅಂದದ್ದೇ ತಡ, ನನ್ನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಹಾಡುವವರಿಗೆ ಬಟ್ಟೆಯೋ ಕಾಯಿಯೋ ಉಡುಗೊರೆ ಕೊಡುವುದಕ್ಕೆ ನಮ್ಮಲ್ಲಿ ಆಯೇರಿ ಅನ್ನುತ್ತೇವೆ. ಯಾರು ಕೊಟ್ಟರೋ ಅವರ ಹೆಸರು, ಊರು ಮೈಕಿನಲ್ಲಿ ಕೂಗುತ್ತಾರೆ. ಗೆಳತಿಯ ಹೆಸರಿನಲ್ಲಿ ನಾಗೇಶಿಗೆ ಆಯೇರಿ ಮಾಡಿಬಿಟ್ಟರೆ? ಮೈಕಿನಲ್ಲಿ ಅವಳ ಹೆಸರು ಬಂದ ಹಾಗಾಯಿತು, ಬೇಕಾದದ್ದು ಕೊಟ್ಟ ಹಾಗೂ ಆಯಿತು. ಬಸವನ ಬಾಗೇವಾಡಿಗೆ ಹೋಗಿ ಒಂದು ಚಂದದ ಕುಪ್ಪಸದ ಖಣ ತಂದೆ, ನೇರಳೆ ಬಣ್ಣದ್ದು.

ಗೊಳಸಂಗಿಗೆ ನಾನೂ ಅತ್ತಿಗೆಯೂ ಟಂಟಂನಲ್ಲಿ ಹೋಗಿ ಇಳಿದಾಗ ಬಿಸಿಲು ಇನ್ನೂ ಎಳೆಯದು. ಗುಡಿಯ ಮುಂದೆ ಹಂದರ. ರಾತ್ರಿಯೆಲ್ಲ ಎಚ್ಚರವಿದ್ದ ಜನ, ಕಣ್ಣು ಕೆಂಪು, ಆದರೆ ಒಬ್ಬರೂ ಏಳುವವರಲ್ಲ. ಚರ್ಮದ ದಪ್ಪಿನ ಸಪ್ಪಳ ಎದೆಗೇ ಬಂದು ಬಡಿಯುತ್ತಿತ್ತು. ಹರದೇಶಿಯವನು ಎತ್ತರದ ಆಳು, ಮೀಸೆ ತಿರುವುತ್ತಾ ಹೆಣ್ಣಿನ ನಾಲಿಗೆ, ಹೆಣ್ಣಿನ ಜಗಳ, ಹೆಣ್ಣಿನ ಸೀರೆ ಆಸೆ ಎಲ್ಲವನ್ನೂ ಹಾಡಿನಲ್ಲಿ ಹರಾಜು ಹಾಕಿದ. ಗಂಡಸರ ಕಡೆಯಿಂದ ಸಿಳ್ಳೆ. ಆಮೇಲೆ ನಾಗೇಶಿ ಎದ್ದಳು. ಅಂದು ಗೆಳತಿಯನ್ನು ಮೇಳಕ್ಕೆ ಕರೆದವಳು ಇವಳೇ ಹೌದೋ ಅಲ್ಲವೋ ನನಗೆ ಗುರುತು ಹತ್ತಲಿಲ್ಲ. ನಲವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಬಿಗಿದು, ಅವಸರವಿಲ್ಲದೆ ಎಲೆ ಅಗಿದು ಮುಗಿಸಿ, "ಯಪ್ಪಾ, ಇಷ್ಟೆಲ್ಲಾ ಹಾಡಿದ್ಯಲ್ಲಾ, ಮೊದಲ ಮಾತ ನಿನಗ ಕಲಿಸಿದಾಕಿ ಯಾರು?" ಅಂದಳು. ಹೆಂಗಸರ ಕಡೆ ಹೋ ಎಂದು ನಗು. ನಾನೂ ನಕ್ಕೆ. ಎಷ್ಟು ನಕ್ಕೆ ಅಂದರೆ ಅತ್ತಿಗೆ ನನ್ನ ಬೆನ್ನಿಗೆ ಗುದ್ದಿ, "ಸಾವಕಾಶ ಖೋಡಿ, ಉಸರ ನಿಂತೀತು" ಅಂದಳು.

ಹಾಡು ಬೆಳೆಯುತ್ತಾ ಹೋದಂತೆ ನನಗೆ ಮಂಪರು ಹತ್ತಿತು. ನಿದ್ದೆಯಲ್ಲ. ಹಂದರದ ತೂತುಗಳಿಂದ ಬಿಸಿಲು ಬಿದ್ದು ಜನರ ತಲೆಯ ಮೇಲೆ ಚುಕ್ಕಿ ಚುಕ್ಕಿ. ತುಂತುಣಿಯ ಒಂದೇ ತಂತಿ ಮಿಡಿಯುತ್ತಿತ್ತು, ಹಿಂದಿನವರು ಗೀಯ ಗೀಯ ಎಂದು ಎಳೆಯುತ್ತಿದ್ದರು. ಪಕ್ಕದಲ್ಲಿ ಅವಳು ಕೂತಿದ್ದಾಳೆ ಅನ್ನಿಸಿತು. ಅವಳ ಮೈಯ ಶಾಖ, ಹಸಿ ಜೋಳದ ವಾಸನೆ. ತಿರುಗಿ ನೋಡಿದರೆ ಹೋಗಿಬಿಡುತ್ತಾಳೆಂದು ಕುತ್ತಿಗೆ ಬಿಗಿಹಿಡಿದು ಕೂತೆ. ಸವಾಲು ಮುಗಿಯುವ ಮೊದಲೇ ನನ್ನ ಕಿವಿಯ ಹತ್ತಿರ ಯಾರೋ ಜವಾಬು ಹೇಳಿದ ಹಾಗೆ. ನನ್ನ ಜೀವಮಾನದಲ್ಲಿ ಅಷ್ಟು ಸುಖವಾಗಿ ಎಲ್ಲಿಯೂ ಕೂತಿಲ್ಲ.

ಹೆಗಲ ಮೇಲೆ ಟಾವೆಲ್ ಹಾಕಿದ ಊರ ಹಿರಿಯನೊಬ್ಬ ಆಯೇರಿ ತೆಗೆದುಕೊಳ್ಳುತ್ತಾ ಹೆಂಗಸರ ಕಡೆ ಬಂದ. ಖಣ ಕೊಟ್ಟೆ. "ಹೆಸರು, ಊರು ಹೇಳ್ರಿ" ಅಂದ. ಅವಳ ಹೆಸರು ಹೇಳಿದೆ, ಇಂಗಳೇಶ್ವರ ಅಂದೆ. ಅವನು ಚೀಟಿಯಲ್ಲಿ ಬರೆದುಕೊಂಡು ಹೋದ. ತೀರಿಕೊಂಡವರ ಹೆಸರಿನಲ್ಲಿ ಕೊಡುವುದಾದರೆ ಅವರ ನೆನಪಿಗೆ ಎಂದು ಒಂದು ಮಾತು ಬರೆಸಬೇಕು. ಅದು ಸಣ್ಣ ಮಕ್ಕಳಿಗೂ ಗೊತ್ತು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಇದ್ದವಳ ಹಾಗೇ ಬರೆಸಿಬಿಟ್ಟೆ.

ಸ್ವಲ್ಪ ಹೊತ್ತಿಗೆ ದಪ್ಪು ನಿಂತಿತು. ನಾಗೇಶಿ ನೇರಳೆ ಖಣ ಬಿಚ್ಚಿ ಜನಕ್ಕೆ ತೋರಿಸಿ, ಅವಳ ಹೆಸರನ್ನು ಉದ್ದಕ್ಕೆ ಎಳೆದು ಮೈಕಿನಲ್ಲಿ ಕೂಗಿದಳು. ನನ್ನ ಮೈ ಜುಮ್ಮೆಂದಿತು. "ಈ ತಂಗಿ ನೂರು ವರ್ಷ ಬಾಳಲಿ! ಹೆಣ್ಣಮಗಳು ಖಣ ಕೊಟ್ಟಾಳ, ಬರಿಗೈಲೆ ಕಳಸಬಾರದು. ಎಲ್ಲಿದ್ರೂ ಬಾರವಾ, ಉಡಿ ತುಂಬ್ತೇನಿ."

ಖಣ ಕೊಟ್ಟ ಹೆಣ್ಣುಮಗಳನ್ನು ಕರೆದು, ಸೆರಗಿಗೆ ಅಕ್ಕಿ ಕಾಯಿ ಹಾಕಿ ಉಡಿ ತುಂಬುತ್ತಾರೆಂಬುದು ಗೊತ್ತಿದ್ದೂ ನೆನಪಾಗಿರಲಿಲ್ಲ. ನಾಗೇಶಿ ಎರಡನೇ ಸಲ ಕೂಗಿದಳು. "ನಾಚಬ್ಯಾಡವಾ, ಬಾ." ಜನ ಹೊರಳಿ ಹೊರಳಿ ನೋಡತೊಡಗಿದರು. ಅತ್ತಿಗೆ ನನ್ನ ರಟ್ಟೆ ಹಿಡಿದು, "ಏನ ಮಾಡಿದಿ ನೀ?" ಅಂದಳು. ಮೂರನೇ ಸಲ ಕೂಗಿದಾಗ ಹೆಂಗಸರ ಗುಂಪಿನ ಆ ತುದಿಯಿಂದ ಒಬ್ಬಾಕೆ ಮೊಣಕಾಲ ಮೇಲೆ ಕೈಯೂರಿ ಎದ್ದಳು. ದೊಡ್ಡವ್ವ. ಅವಳು ಅಲ್ಲಿದ್ದದ್ದು ನನಗೆ ಗೊತ್ತಿರಲಿಲ್ಲ.

ನಡೆದು ಹೋಗಿ ನಾಗೇಶಿಯ ಮುಂದೆ ನಿಂತಳು. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

"ಆಕಿ ಇಲ್ಲವಾ. ಹೋಗಿ ಮೂರು ವರ್ಷಾತು. ಆಕಿ ಅವ್ವ ನಾನು. ನನ್ನ ಉಡಿಗೆ ಹಾಕು."

ನಾಗೇಶಿ ಕಣ್ಣು ಒರೆಸಿಕೊಂಡು, ದೊಡ್ಡವ್ವನ ಸೆರಗಿಗೆ ಐದು ಸಲ ಅಕ್ಕಿ ಹಾಕಿದಳು, ಕಾಯಿ ಇಟ್ಟಳು, ಬಗ್ಗಿ ಕಾಲು ಮುಟ್ಟಿದಳು. ಆಮೇಲೆ ತಾನೇ ದಪ್ಪಿನವನಿಗೆ ಸನ್ನೆ ಮಾಡಿ ಹಾಡು ಎತ್ತಿದಳು.

ದೊಡ್ಡವ್ವ ತಿರುಗಿ ಬಂದವಳು ನೆಟ್ಟಗೆ ನನ್ನ ಹತ್ತಿರ ಕೂತಳು. ಉಡಿಯ ಗಂಟು ಮಡಿಲಲ್ಲಿ.

"ನೀನ ಬರಸಿದ್ದಿ, ಹೌದಿಲ್ಲೋ?"

ತಲೆ ಅಲ್ಲಾಡಿಸಿದೆ. ಇನ್ನು ತಡೆಯಲಾಗಲಿಲ್ಲ, ಕೇಳಿಯೇ ಬಿಟ್ಟೆ. "ದೊಡ್ಡವ್ವ, ನಾ ಹೇಳಿದ್ದು ಆಕಿಗೆ ಗೊತ್ತಿತ್ತೇನ?"

"ಗೊತ್ತಿರಲಾರದ ಏನು? ಕನಸು ಬಿತ್ತು ಅಂದ್ರ ನಂಬಾಕ ಆಕಿ ತೊಟ್ಟಿಲ ಕೂಸಾ? ಅವತ್ತ ಮುಂಜಾನಿನ ನಿನ್ನ ಹೆಸರ ಹಿಡದು ಕೇಳಿದ್ಲು. ನಾ ಸುಮ್ಮನಿದ್ದೆ. ಅಷ್ಟ ಸಾಕಾತು ಆಕಿಗೆ."

ಅಂದರೆ ತನ್ನ ಮದುವೆಯಲ್ಲಿ ನನ್ನ ಕೆನ್ನೆಗೆ ಅರಿಶಿಣ ಹಚ್ಚಿ ನಕ್ಕಾಗ ಅವಳಿಗೆ ಗೊತ್ತಿತ್ತು. ನನ್ನ ಜೊತೆ ಒಂದೇ ಗಂಗಾಳದಲ್ಲಿ ಉಂಡಾಗ ಗೊತ್ತಿತ್ತು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ದೊಡ್ಡವ್ವನ ಕೈ ಹಿಡಿದು, "ತಪ್ಪಾತು ದೊಡ್ಡವ್ವ, ತಪ್ಪಾತು" ಅಂದೆ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಹಾಡುವವರ ಕಡೆಗೇ ನೋಡುತ್ತಾ ಹೇಳಿದಳು.

"ಅದನ್ನ ನನ್ನ ಮುಂದ ಯಾಕ ಹೇಳ್ತಿ? ನಾಲ್ಕು ವರ್ಷ ಇದ್ಲು ಆಕಿ ಮುದ್ದೇಬಿಹಾಳದ ಕಡೆ. ದಿನಾ ಬಸ್ ಇದ್ದವು."

ಇದ್ದವು. ನಾನೇ ಹತ್ತಲಿಲ್ಲ.